ಸೂಸಲಾ ತಿನ್ನುವಷ್ಟರಲ್ಲಿ

ಅಫಜಲಪುರದ ಒಳಚರಂಡಿಗೆ ಯಾವ ಕಾರ್ಖಾನೆ ಏನು ಬಿಡುತ್ತದೆ ಎಂದು ನೋಡಿ ವರದಿ ಬರೆಯುವುದು ನನ್ನ ಉದ್ಯೋಗ. ಘನ ಸರ್ಕಾರವು ನನ್ನ ಮೂಗಿನ ಮೇಲೆ ಇಟ್ಟಿರುವ ಈ ವಿಶ್ವಾಸಕ್ಕೆ ನಾನು ಚಿರಋಣಿ. ಆದರೆ ಆ ವರ್ಷ ಮಳೆಗಾಲದಲ್ಲಿ ನನಗೇ ಆ ಮೂಗಿನ ಮೇಲೆ ಸಂಶಯ ಬಂತು.

ಊರ ಕೊಳಚೆಯೆಲ್ಲ ಹೋಗಿ ಸೇರುವ ಶುದ್ಧೀಕರಣ ಘಟಕದಲ್ಲಿ ನೀರು ತಿಳಿಯಾಗಿಸುವವರು ನಾವಲ್ಲ, ಕಣ್ಣಿಗೆ ಕಾಣದ ಜೀವಾಣುಗಳು. ಬಡ್ತಿ, ವರ್ಗಾವಣೆ ಏನನ್ನೂ ಕೇಳದ ಆದರ್ಶ ನೌಕರರು. ಅವು ಮತ್ತೆ ಮತ್ತೆ ಸಾಯುತ್ತಿದ್ದವು. ಘಟಕದ ಆಪರೇಟರ್ ಸಗಣಿ ಕದಡಿ ಸುರಿದು ಹೊಸ ಸಂತತಿ ಬೆಳೆಸುತ್ತಿದ್ದ. ಸ್ವಲ್ಪ ದಿನದಲ್ಲೇ ತೊಟ್ಟಿ ಬಿಳಿ ನೊರೆ ಕಾರಿ ನಾರುತ್ತಿತ್ತು. ಜೀವಾಣುಗಳಿಗೆ ಉಸಿರು ಕೊಡುವ ಗಾಳಿಯ ಯಂತ್ರವನ್ನು ಆತ ಬಂದ್ ಮಾಡಿ ಮಲಗುತ್ತಾನೆಂದು ಊರಿನವರ ಅಂಬೋಣ. ನನ್ನ ವರದಿಯಲ್ಲಿ ಬೇರೆ ಕಾರಣ ಸಿಗದಿದ್ದರೆ ಆತನ ಕೆಲಸ ಹೋಗುವುದೆಂದು ನಿಶ್ಚಯವಾಗಿತ್ತು.

"ಮಷೀನ ನಡ್ಯಾಕತ್ತದರಿ ಸಾಹೇಬ್ರ. ಮ್ಯಾಲಿಂದ ಯಾರೋ ವಿಷ ಬಿಡಾಕತ್ತಾರ," ಎಂದ.

"ಯಾರು?"

"ಅದು ನನಗ ಗೊತ್ತಿದ್ರ ನಿಮಗ್ಯಾಕ ಪಗಾರ್ರಿ?"

ಮಾತಿನಲ್ಲಿ ತರ್ಕವಿತ್ತು. ಆದ್ದರಿಂದ ಆತನ ಮೇಲೂ ಸಂಶಯಪಟ್ಟೆ.

ಘಟಕಕ್ಕೆ ಬರುವ ಕೊಳವೆಗೆ ಸೇರಿದ್ದ ಕೆಮಿಕಲ್ ಕಾರ್ಖಾನೆ ಒಂದೇ. ಎಷ್ಟು ಸಲ ಹೋದರೂ ಅದರ ಗೇಟಿನ ಹೊರಗಿನ ಮ್ಯಾನ್‌ಹೋಲಿನಲ್ಲಿ ನೀರು ನಿರ್ಮಲ. ನಮ್ಮ ಮನೆಯ ನಲ್ಲಿಯಲ್ಲಿ ಅಂಥ ನೀರು ಬಂದ ನೆನಪಿಲ್ಲ. ಸುದ್ದಿ ಮೊದಲೇ ಹೋಗುತ್ತಿರಬೇಕೆಂದು ಡ್ರೈವರನನ್ನು ಶಂಕಿಸಿ ಸರ್ಕಾರಿ ಬಸ್ಸಿನಲ್ಲಿ ಹೋದೆ. ನೀರು ಸ್ವಚ್ಛ. ಹೆಂಡತಿಗೂ ಹೇಳದೆ ಹೋದೆ. ಇನ್ನೂ ಸ್ವಚ್ಛ.

ಕೊನೆಗೆ ಆಕೆಗೇ ಎಲ್ಲ ಹೇಳಿಕೊಂಡೆ. ರೊಟ್ಟಿ ಬಡಿಯುತ್ತಲೇ ಕೇಳಿದಳು, "ಹೋದ ಕೂಡಲೆ ನೀರು ನೋಡ್ತೀರೇನ್ರಿ?"

"ಹಂಗ ಹ್ಯಾಂಗ ನೋಡಾಕ ಬರ್ತದ? ಮ್ಯಾನೇಜರ್ ಮೊದಲ ಒಳಗ ಕೂಡಸ್ತಾನ. ಮಂಡಕ್ಕಿ ಸೂಸಲಾ, ಮಿರ್ಚಿ ಭಜಿ, ಆಮ್ಯಾಲ ಚಾ."

ಆಕೆ ನಕ್ಕಳು. "ಆಳಂದದಿಂದ ನಿಮ್ಮಕ್ಕ ಹೇಳದಂಗ ಬಂದ್ರ ನಾ ಏನ್ ಮಾಡ್ತೇನಿ? ಪಡಸಾಲ್ಯಾಗ ಸೂಸಲಾ ಕೊಟ್ಟು ಕೂಡಸ್ತೇನಿ. ಅವರು ತಿನ್ನೋದರಾಗ ಒಳಗ ಕಸ ಹೊಡದು, ಮುಸರಿ ಎತ್ತಿರ್ತೇನಿ. ಮನಿ ಎಷ್ಟ ಸ್ವಚ್ಛ ಇಟ್ಟೀ ಅಂತ ಇನ್ನೂ ಹೊಗಳಾಕತ್ತಾರ!"

ನಮ್ಮ ಕಡೆ ಮನೆಗೆ ಬಂದವರ ಬಾಯಿಗೆ ಏನಾದರೂ ಹಾಕದೆ ಬಂದ ಕೆಲಸ ಕೇಳುವುದು ಅಪಚಾರ. ಕೊಟ್ಟದ್ದನ್ನು ಬೇಡವೆನ್ನುವುದು ಇನ್ನೂ ದೊಡ್ಡ ಅಪಚಾರ. ಮನುಷ್ಯಮಾತ್ರರನ್ನೆಲ್ಲ ಶಂಕಿಸಿದ ನಾನು ತಟ್ಟೆಯೊಂದನ್ನು ಮಾತ್ರ ಶಂಕಿಸದೆ ಬಿಟ್ಟಿದ್ದೆ. ಆ ತಟ್ಟೆಯನ್ನು ಮರ್ಯಾದೆಯಿಂದ ದೂರ ಸರಿಸಲು ನಮ್ಮಲ್ಲಿ ಇರುವ ದಾರಿ ಉಪವಾಸ. ಶ್ರಾವಣ ಸೋಮವಾರ ಹೊತ್ತು ಮುಳುಗುವ ತನಕ ನೀರು ಕೂಡ ಮುಟ್ಟದಿರುವುದು ಅಜ್ಜನ ಕಾಲದಿಂದ ನಮ್ಮ ಮನೆಯ ಪದ್ಧತಿ. ಆ ಸೋಮವಾರವೇ ಹೋದೆ.

"ಬರ್ರಿ ಸಾಹೇಬ್ರ, ಕೂಡ್ರಿ. ಏ, ಚಾ ತಗೊಂಬಾರಲೇ!" ಎಂದರು ಮ್ಯಾನೇಜರ್.

"ಉಪವಾಸ ಅದರಿ."

"ಅದಕ್ಕೇನ್ರಿ, ಸಾಬೂದಾಣಿ ಖಿಚಡಿ ಮಾಡಸ್ತೇನಿ."

"ನೀರೂ ಮುಟ್ಟಂಗಿಲ್ರಿ."

"ಒಂದು ಬಾಳಿಹಣ್ಣರೆ?" ಅವರ ದನಿಯಲ್ಲಿ ಭಕ್ತಿಗಿಂತ ಗಾಬರಿ ಹೆಚ್ಚಿತ್ತು.

"ನೀವು ತಿನ್ರಿ. ಅಷ್ಟರಾಗ ನಾ ಮುಚ್ಚಳ ತೆಗಸ್ತೇನಿ."

ಮ್ಯಾನ್‌ಹೋಲಿನ ಮುಚ್ಚಳ ಎತ್ತಿದ್ದೇ ತಡ, ಕಣ್ಣಲ್ಲಿ ನೀರು ಬಂತು. ನನ್ನ ಮೂಗಿಗೆ ನಾನು ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ನೀಲಿ ಲಿಟ್ಮಸ್ ಕಾಗದ ಅದ್ದಿದ ಕೂಡಲೇ ಕೆಂಪಾಯಿತು: ಅಪ್ಪಟ ಆಮ್ಲ. ಅವರೆದುರಿಗೇ ಬಾಟಲಿ ತುಂಬಿಸಿ ಮೊಹರು ಹಾಕುತ್ತಿದ್ದಾಗ, ಒಳಗೆ ಯಾರೋ ಬೋರ್‌ವೆಲ್ ಚಾಲೂ ಮಾಡಿದರು; ತಿಳಿನೀರು ಗಳಗಳನೆ ಬಂತು, ಊಟ ಮುಗಿದ ಮೇಲೆ ಬಂದ ಬೀಗರ ಹಾಗೆ.

"ದೇವರ ಹೆಸರಿನ ಮ್ಯಾಲ ಮೋಸ ಮಾಡಿದ್ರಿ ನೀವು," ಎಂದರು ಮ್ಯಾನೇಜರ್, ನಿಜವಾಗಿ ನೊಂದು.

ಕಾರ್ಖಾನೆಯ ಕೊಳವೆ ಮುಚ್ಚಿಸಲಾಯಿತು, ಆಪರೇಟರ್ ಉಳಿದ. ಕೆಲವು ದಿನ ಬಿಟ್ಟು ಘಟಕಕ್ಕೆ ಹೋದಾಗ ಚಹಾ ಹಿಡಿದು ಗೇಟಿನಲ್ಲೇ ಎದುರಾದ.

"ಮೊದಲ ತೊಟ್ಟಿ ನೋಡೂಣು," ಎಂದೆ.

"ನನ್ನ ಮ್ಯಾಲ ಇನ್ನೂ ಸಂಶೇ ಅದೇನ್ರಿ?"

"ಅದಪಾ."

ಹೋಗಿ ಬಗ್ಗಿ ನೋಡಿದೆ. ನೀರು ಆರೋಗ್ಯವಂತ ತೊಟ್ಟಿಯ ಕಂದುಬಣ್ಣಕ್ಕೆ ತಿರುಗಿತ್ತು, ಮೊದಲ ಮಳೆ ಬಿದ್ದ ಎರೆಹೊಲದ ವಾಸನೆ ಬರುತ್ತಿತ್ತು, ಜೀವಾಣುಗಳು ಕ್ಷೇಮ. ಆಮೇಲೆ ಚಹಾ ಕುಡಿದೆ. ಅಷ್ಟರಲ್ಲಿ ಅದು ಆರಿ ಹೋಗಿತ್ತು.