ಬಸುರಿಯ ಮನೆ ಬಿಡಿಸಬಾರದು

ಮೇಲಿನ ಮನೆಗೆ ಬಂದ ಹೊಸ ಬಾಡಿಗೆಯವರು ಇವತ್ತು ಬೆಳಿಗ್ಗೆ ಹಾಲು ಉಕ್ಕಿಸಿದರು. ಉಕ್ಕಿದ್ದು ಸೀದು, ವಾಸನೆ ಮೆಟ್ಟಿಲಿಳಿದು ನಮ್ಮ ಅಡುಗೆಮನೆಯವರೆಗೂ ಬಂತು. ಶುಭದ ವಾಸನೆ ಅನ್ನುತ್ತಾರೆ. ನನಗೆ ಮಾತ್ರ ಬಸವರಾಜ ನೆನಪಾದ.

ಬಾಡಿಗೆಗೆ ಮನೆ ಕೊಡುವವರೆಲ್ಲ ದೊಡ್ಡ ಕುಳಗಳೆಂದು ನಿಮಗನ್ನಿಸಬಹುದು. ರಾಜಗೋಪಾಲನಗರದಲ್ಲಿ ನಮಗಿರುವುದು ಕೆಳಗೊಂದು, ಮೇಲೊಂದು ಮನೆ, ಅಷ್ಟೆ. ಮೇಲಿನದರಲ್ಲಿ ಬಸವರಾಜ, ಅವನ ಹೆಂಡತಿ ಶರಣಮ್ಮ ಇದ್ದರು. ಯಾದಗಿರಿ ಕಡೆಯವರು. ಅವನು ಕೆಲಸಕ್ಕಿದ್ದ ಪೀಣ್ಯದ ಕಾರ್ಖಾನೆ ಮುಚ್ಚಿತು, ಬಾಡಿಗೆ ನಿಂತಿತು, ಕರಾರು ಮುಗಿದರೂ ಅವರು ಏಳಲಿಲ್ಲ. ನಾನು ಗಡಸು ದನಿ ಅಭ್ಯಾಸ ಮಾಡಿಕೊಂಡು ಮೆಟ್ಟಿಲು ಹತ್ತುತ್ತಿದ್ದೆ, ಅವರ ಚಹಾ ಕುಡಿದು ಇಳಿಯುತ್ತಿದ್ದೆ. ಆಷಾಢದಲ್ಲಿ ಯಾರಾದರೂ ಮನೆ ಬದಲಾಯಿಸುತ್ತಾರೆಯೇ ಎಂದು ಅವರು ಕೇಳಿದ್ದಕ್ಕೆ ಒಂದು ತಿಂಗಳು ಹೋಯಿತು.

ಅದೇ ಹೊತ್ತಿಗೆ ಅಕ್ಕ ಬಂದಳು. ಗಂಡ ಹೊಡೆದು ತುಟಿ ಊದಿತ್ತು. ಜೊತೆಗೆ ಇಬ್ಬರು ಹೆಣ್ಣುಮಕ್ಕಳು.

"ಮೇಲಿನ್ ಮನೆ ಕೊಡೋ. ಗಾರ್ಮೆಂಟ್ಸ್‌ಗೆ ಹೋಗಿ ನನ್ ಪಾಡು ನಾನ್ ನೋಡ್ಕೋತೀನಿ" ಎಂದಳು. ಅಲ್ಲಿಯವರೆಗೆ ಮೂವರೂ ನಮ್ಮ ಹಾಲ್‌ನಲ್ಲಿ ಹಾಸಿಕೊಂಡರು. ನನ್ನ ಹೆಂಡತಿ ಮಾತು ಕಡಿಮೆ ಮಾಡಿದಳು.

ಈ ಸಲ ಮೇಲೆ ಹೋಗಿ ಚಹಾ ಬೇಡ, ಮನೆ ಬಿಡಿ ಎಂದೆ. ಬಸವರಾಜ ತಲೆ ತಗ್ಗಿಸಿದ.

"ಆಕಿ ಹೊಟ್ಟೀಲೆ ಅದಾಳ್ರೀ ಅಣ್ಣಾರ. ಈಗ ಎಲ್ಲಿಗಿ ಕರ್ಕೊಂಡ್ ಹೋಗ್ಲಿ?"

ಕೆಳಗೆ ಬಂದು ಹೇಳಿದೆ. ಸೊಪ್ಪು ಬಿಡಿಸುತ್ತಿದ್ದ ಅಮ್ಮ ಕೈ ನಿಲ್ಲಿಸಿದಳು. "ಬಸ್ರಿ ಎಂಗ್ಸನ್ನ ಮನೆ ಬುಡಿಸ್ಬಾರ್ದು ಕಣೋ. ಎರಿಗೆ ಆಗೋವರ್ಗೂ ಇರ್ಲಿ."

ಅಲ್ಲೇ ಇದ್ದ ಅಕ್ಕ ಸೊಪ್ಪನ್ನು ತನ್ನತ್ತ ಎಳೆದುಕೊಂಡು ಬಿಡಿಸತೊಡಗಿದಳು. ಅಮ್ಮನ ಮಾತು ಮೀರುವ ಗಂಡಸು ನಮ್ಮ ಮನೆಯಲ್ಲಿ ಹುಟ್ಟಿಲ್ಲ, ನಾನಂತೂ ಅಲ್ಲವೇ ಅಲ್ಲ. ಆದರೂ ಒಳಗೇ ಅಂದುಕೊಂಡೆ: ಬಾಡಿಗೆಯವಳಿಗೆ ಇರುವ ಶಾಸ್ತ್ರ ಮನೆಮಗಳಿಗೆ ಇಲ್ಲವಲ್ಲ.

ಗೌರಿಹಬ್ಬಕ್ಕೆ ಮುಂಚೆ ಅಕ್ಕನ ಗಂಡ ಚಂದಾಪುರದಿಂದ ಬಂದು ಬಾಗಿಲಲ್ಲಿ ನಿಂತ. ಅಕ್ಕ ಹಾಲ್‌ ಒಮ್ಮೆ ನೋಡಿ ಬ್ಯಾಗು ತುಂಬಿಕೊಂಡು, ಮಕ್ಕಳನ್ನು ಕರೆದುಕೊಂಡು ಅವನ ಹಿಂದೆ ಹೊರಟಳು.

ಶರಣಮ್ಮನಿಗೆ ಹೆರಿಗೆಯಾಯಿತು. ಮಗು ಕೂರುವಷ್ಟಾದ ಮೇಲೆ, ನಾವು ಮದುವೆಗೆ ಹೋಗಿದ್ದ ದಿನ ನೋಡಿ ಅವರು ಖಾಲಿ ಮಾಡಿದರು. ಕೂಡಲೇ ಅಕ್ಕನಿಗೆ ಫೋನ್ ಮಾಡಿ, ಮನೆ ಖಾಲಿಯಾಗಿದೆ ಬಾ ಎಂದೆ.

"ಒಂದ್ಸತಿ ಬಂದಿದ್ನಲ್ಲೋ" ಎಂದಳು. ಹಿಂದಿನಿಂದ ಭಾವ ಯಾರದು ಫೋನು ಎಂದು ಗದರುವುದು ಕೇಳಿಸಿತು. ಅವಳು ಇಟ್ಟುಬಿಟ್ಟಳು.

ಈಗ ಬಂದಿರುವುದು ಹೊಸದಾಗಿ ಮದುವೆಯಾದವರು. ನಿನ್ನೆ ಆ ಹುಡುಗಿ ಕೀಲಿ ಕೇಳಲು ಬಂದಾಗ ಅಮ್ಮ ಅವಳ ಹೊಟ್ಟೆ ನೋಡಿ, "ಇಸೇಸ ಏನಾರ ಐತೇನವ್ವ?" ಎಂದು ವಿಚಾರಿಸಿದಳು. ಹಿರಿಯರ ಅಕ್ಕರೆಯೆಂದುಕೊಂಡು ಹುಡುಗಿ ನಾಚಿ ನಕ್ಕಳು. ಅಮ್ಮ ನಗಲಿಲ್ಲ. ಇಲ್ಲವೆಂದು ಅವಳು ಬಾಯಿಬಿಟ್ಟು ಹೇಳುವವರೆಗೂ ಕೀಲಿಯನ್ನು ಸೊಂಟದಿಂದ ತೆಗೆಯಲಿಲ್ಲ.