ಇಟ್ಟಂಗಿ ಚೂರಿನ ಗೆರೆ

ಐರಣಿಯ ಹೊಳೆದಂಡೆಯಲ್ಲಿ ನಮ್ಮ ಮನೆ ಕಟ್ಟಿದ ಗೌಂಡಿ ಮೊದಲು ಮಾತಾಡಿಸಿದ್ದು ನನ್ನನ್ನಲ್ಲ, ಪಕ್ಕದ ಮನೆಯ ಮುದುಕಿಯನ್ನು.

‘ಆಯಿ, ಹಿಂದ ನೀರು ಎಲ್ಲೀತನ ಬಂದಿತ್ತಬೇ?’

ಆಕೆ ಎದೆಮಟ್ಟಕ್ಕೆ ಕೈ ತೋರಿಸಿದಳು. ಗೋಡೆ ಎದ್ದ ಮೇಲೆ ಅವರು ಅಷ್ಟೆತ್ತರಕ್ಕೆ ಇಟ್ಟಂಗಿ ಚೂರಿನಿಂದ ಗೆರೆ ಎಳೆದು, ಸ್ವಿಚ್ಚು, ಪ್ಲಗ್ಗು ಎಲ್ಲವನ್ನೂ ಅದಕ್ಕಿಂತ ಎರಡು ಮೊಳ ಮೇಲೆ ಕೂಡಿಸಿದರು. ದೀಪ ಹಾಕಲು ಹೆಂಡತಿಗೆ ಸ್ಟೂಲು ಬೇಕಾಯಿತೆಂದು ನಾನು ರೇಗಿದೆ.

‘ಹೊಳಿ ಕೇಳಿ ಕಟ್ಟಬೇಕ್ರಿ’ ಎಂದರು, ಎಂದಿನಂತೆ.

ನೆರೆ ಬಂದ ದಿನ ಕರೆಂಟು ಇನ್ನೂ ಹೋಗಿರಲಿಲ್ಲ. ಸೊಂಟಮಟ್ಟದ ನೀರಿನಲ್ಲಿ ಅವ್ವನನ್ನು ಹೊತ್ತು ಹೊರಗೆ ಬಂದೆ. ಯಾರಿಗೂ ಶಾಕ್ ಹೊಡೆಯಲಿಲ್ಲ. ರಾತ್ರಿ ನೀರು ಇನ್ನೂ ಏರಿತು.

ನೀರಿಳಿದ ಮೇಲೆ ಗೌಂಡಿಯೇ ನೋಡಲು ಬಂದರು. ನಾನು ಕೈಮುಗಿದರೆ ಅವರ ಲಕ್ಷ್ಯ ಗೋಡೆಯ ಹಸಿಗುರುತಿನ ಮೇಲೆ. ಅಲ್ಲೊಂದು ಹೊಸ ಗೆರೆ ಎಳೆದರು.

‘ಹಳೇ ಗೆರಿಗಿಂತ ನಾಕು ಬಟ್ಟು ಮ್ಯಾಲ ಬಂದೈತ್ರಿ. ಮುಂದ ಕಟ್ಟೋ ಮನಿಗೆ ಲೆಕ್ಕ ತಪ್ಪಂಗಿಲ್ಲ.’

ಸುಣ್ಣ ಹಚ್ಚುವಾಗ ಹೆಂಡತಿ ಆ ಗೆರೆಯೊಂದನ್ನು ಬಿಟ್ಟು ಹಚ್ಚುತ್ತಾಳೆ.