ಬೈಕ್ ಹತ್ತಿದ ಕೌದಿ

ಅಲ್ಲ, ಮರಳುಗಾಡಿನಲ್ಲಿ ಎಂಥ ಚಳಿ ಎಂದು ನೀವು ನಕ್ಕಿರಲ್ಲ, ದ್ಯಾಮಣ್ಣನೂ ಹಾಗೆಯೇ ನಕ್ಕವನು. ಹುನಗುಂದದ ಕಡೆಯ ಊರಿನಿಂದ ಕತಾರಿಗೆ ಹೊರಟಾಗ ಹೆಂಡತಿ ನೀಲಗಂಗಾ ಅವನ ಚೀಲದೊಳಗೆ ಕೌದಿ ತುರುಕಿದ್ದಳು. ಕಾದ ಹಂಚಿನ ಮೇಲೆ ಕೂರಲು ಹೊರಟವನಿಗೆ ಹೊದಿಕೆ ಯಾಕೆ ಎಂದು ಇವನು ತೆಗೆದು ಹೊರಗಿಟ್ಟ. ಅವಳು ಮತ್ತೆ ತುರುಕಿದಳು, ಇವನು ಮತ್ತೆ ತೆಗೆದ. ಕೊನೆಗೆ ಗೆದ್ದದ್ದು ಅವಳೇ. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು, ಮೇಲೆ ಬಣ್ಣದ ತುಂಡು ಹಚ್ಚಿ, ಒಂದು ಬೇಸಿಗೆಯೆಲ್ಲ ಕೂತು ಅವಳೇ ಕೈಯಿಂದ ಹೊಲಿದ ಆ ಕೌದಿ, ಇವನ ಪ್ಯಾಂಟುಗಳನ್ನು ಹೊರಗೆ ತಳ್ಳಿ ತಾನು ವಿಮಾನ ಹತ್ತಿತು.

ಬಂದ ಮೇಲೆ ಅದು ದೋಹಾದ ನಜ್ಮಾ ಬಡಾವಣೆಯ ರೂಮಿನಲ್ಲಿ ಮಂಚದ ಮೇಲೆ ಹಾಸಿಗೆಯಾಗಿ ಬಿದ್ದುಕೊಂಡಿತು. ದ್ಯಾಮಣ್ಣನಿಗೆ ಸಿಕ್ಕಿದ್ದು ಬೈಕಿನ ಮೇಲೆ ಊಟ ತಲುಪಿಸುವ ಕೆಲಸ. ಹಿಂದೆ ದೊಡ್ಡ ಡಬ್ಬಿ, ಮೈಮೇಲೆ ಕಂಪನಿಯ ಜಾಕೀಟು, ತಲೆಗೆ ಹೆಲ್ಮೆಟ್ಟು. ಊರಲ್ಲಿದ್ದಷ್ಟು ದಿನ ಯಾರದೋ ಗಾಡಿಯ ಹಿಂದಿನ ಸೀಟಿನಲ್ಲೇ ಕೂತು ಓಡಾಡಿದವನು ಅವನು. ಇಲ್ಲಿ ಮುಂದೆ ಕೂತ. ಹ್ಯಾಂಡಲ್ ಹಿಡಿದ ಮೊದಲ ದಿನ ಬೆನ್ನು ನೆಟ್ಟಗಾದದ್ದು ಆಮೇಲೆ ಬಾಗಲೇ ಇಲ್ಲ. ಬೈಕನ್ನು ಒರೆಸಿ ಒರೆಸಿ ಕನ್ನಡಿ ಮಾಡಿಟ್ಟಿದ್ದ. ಬೇಸಿಗೆಯ ಬಿಸಿಗಾಳಿಯಲ್ಲಿ ಬೆಂದರೂ ಒಂದು ಮಾತು ಗೊಣಗಲಿಲ್ಲ.

ಜನವರಿಯಲ್ಲಿ ಗೊಣಗಿದ. ಉತ್ತರದ ಗಾಳಿ ಶುರುವಾದರೆ ಲುಸೈಲ್ ಕಡೆಯ ರಸ್ತೆಯಲ್ಲಿ ಬೈಕಿನವನ ಕತೆ ಏನಾಗುತ್ತದೆ ಎಂದು ಕಾರಿನಲ್ಲಿ ಕೂತವರಿಗೆ ತಿಳಿಯುವುದಿಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗಾಜಿನ ಗೋಪುರಗಳು, ನಡುವೆ ಗಾಳಿ ನುಗ್ಗಲು ದಾರಿ. ಹಿಂದಿನ ಡಬ್ಬಿಯೊಳಗೆ ಬಿರಿಯಾನಿ ಹೊಗೆಯಾಡುತ್ತ ಬೆಚ್ಚಗೆ ಹೋಗುತ್ತಿದ್ದರೆ ಮುಂದೆ ಕೂತವನ ಹಲ್ಲು ಕಟಕಟ. ಒಮ್ಮೆ ಸಿಗ್ನಲ್ಲಿನಲ್ಲಿ ನಿಂತಾಗ ಡಬ್ಬಿಯ ಮುಚ್ಚಳ ತೆಗೆದು ಒಳಗೆ ಕೈ ಇಟ್ಟುಕೊಂಡ, ಹಸಿರು ದೀಪ ಬಂದದ್ದೇ ಗೊತ್ತಾಗಲಿಲ್ಲ. ಇನ್ನು ಅಂಥ ಚಳಿಯಲ್ಲಿ ಐಸ್‌ಕ್ರೀಮ್ ತರಿಸಿಕೊಳ್ಳುವ ಜನರ ಬಗ್ಗೆ ಅವನು ಆಡಿದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮೊದಲ ಚಳಿಗಾಲ ಅವನ ಎದೆ ಹಿಡಿಯಿತು. ಫೋನಿನಲ್ಲಿ ಮಾತಿಗೊಂದು ಕೆಮ್ಮು. ಆ ಕಡೆ ನೀಲಗಂಗಾ ಕೇಳಿಸಿಕೊಂಡಳು. ಅವಳ ಅಪ್ಪನೂ ಹಾಗೆಯೇ ಒಂದು ಚಳಿಗಾಲ ಕೆಮ್ಮುತ್ತ ಮಲಗಿದವನು ಏಳಲಿಲ್ಲ. ಹಾಗಾಗಿ ಅವಳು ಜಗಳ ಮಾಡದೆ ನೇರವಾಗಿ ಆಣೆ ಹಾಕಿಸಿಕೊಂಡಳು.

"ಮನಿದೇವ್ರ ಮ್ಯಾಲೆ ಆಣಿ ಮಾಡ್ರಿ. ಇನ್ನೊಮ್ಮೆ ಥಂಡಿ ಆತು ಅಂದ್ರ ಗಾಡಿ ಬಿಟ್ಟು ಆ ಪ್ಯಾಕಿಂಗ್ ಕೆಲ್ಸಕ್ಕ ಹೋಗ್ಬೇಕು."

ಪ್ಯಾಕಿಂಗ್ ಎಂದರೆ ಕಂಪನಿಯ ಅಡುಗೆಮನೆಯ ಹಿಂದೆ, ಕಿಟಕಿಯಿಲ್ಲದ ಕೋಣೆಯಲ್ಲಿ ದಿನವಿಡೀ ನಿಂತು ಡಬ್ಬಿಗಳಿಗೆ ಸ್ಟಿಕ್ಕರ್ ಅಂಟಿಸುವುದು. ದ್ಯಾಮಣ್ಣ ಆಣೆಯೇನೋ ಮಾಡಿದ, ಆದರೆ ಅವತ್ತಿನಿಂದ ಚಳಿಗಾಲ ಹತ್ತಿರವಾದಂತೆ ಅವನ ಕಣ್ಣ ಮುಂದೆ ಆ ಸ್ಟಿಕ್ಕರುಗಳೇ ಕುಣಿಯುತ್ತಿದ್ದವು. ಒಂದು ಶೀತ, ಒಂದು ಕೆಮ್ಮು, ಬೈಕು ಖಲಾಸ್.

ಅದಕ್ಕೇ ಎರಡನೆಯ ಚಳಿಗಾಲಕ್ಕೆ ಅವನು ಯುದ್ಧಕ್ಕೆ ಹೊರಟವನ ಹಾಗೆ ತಯಾರಾದ. ಸೇನಾಪತಿ ರೂಮಿನ ಗೆಳೆಯ ಡಿಯೋನ್, ಮೂಲ್ಕಿಯವನು, ಇವನ ಹಾಗೆಯೇ ಬೈಕಿನವನು. ಡಿಯೋನನ ಹತ್ತಿರ ಎಲ್ಲಕ್ಕೂ ಉಪಾಯವಿತ್ತು. ಅವುಗಳಲ್ಲಿ ಒಂದನ್ನೂ ಅವನು ತಾನು ಮಾಡಿ ನೋಡುತ್ತಿರಲಿಲ್ಲ, ಅಷ್ಟೆ. ಸೂಪರ್‌ಮಾರ್ಕೆಟ್ಟಿನವರು ಹಂಚುವ ಬಣ್ಣದ ಹಾಳೆಗಳನ್ನು ಅಂಗಿಯೊಳಗೆ ಇಟ್ಟುಕೊಂಡರೆ ಗಾಳಿ ತಾಗುವುದಿಲ್ಲ ಎಂದ. ದ್ಯಾಮಣ್ಣ ಇಟ್ಟುಕೊಂಡ. ನಡೆದರೆ ಚರ್, ಬಗ್ಗಿದರೆ ಚರ್ ಚರ್. ಲುಸೈಲಿನ ಒಂದು ಗೋಪುರದಲ್ಲಿ ಕಾವಲಿನವನಿಗೆ ಅನುಮಾನ ಬಂತು, ಈ ಮನುಷ್ಯ ಹೊಟ್ಟೆಯೊಳಗೆ ಇನ್ನೊಬ್ಬರ ಪಾರ್ಸೆಲ್ ಮುಚ್ಚಿಟ್ಟುಕೊಂಡಿದ್ದಾನೆ ಎಂದು. ಅಂಗಿ ಎತ್ತಿಸಿದ. ಎದೆಯ ಮೇಲೆ ಫ್ರೋಜನ್ ಕೋಳಿಯ ಫೋಟೋ, ಬೆನ್ನಿಗೆ ಡೈಪರ್ ಆಫರ್. ಕಾವಲಿನವನು ಅವನ್ನು ಓದಿ ಮುಗಿಸಿ, ಕೋಳಿ ಆಫರ್ ಎಂದಿನವರೆಗೆ ಎಂದು ಹಿಂದಿಯಲ್ಲಿ ವಿಚಾರಿಸಿದನಂತೆ.

ಆಮೇಲೆ ನಜ್ಮಾದ ಅಂಗಡಿಯಲ್ಲೇ ದಪ್ಪದೊಂದು ಜಾಕೀಟು ಕೊಂಡ. ಅದರ ಮೇಲೆ ಕಂಪನಿಯ ಜಾಕೀಟು ಹಾಕಿದರೆ ದ್ಯಾಮಣ್ಣ ಗ್ಯಾಸ್ ಸಿಲಿಂಡರಿನ ಆಕಾರಕ್ಕೆ ಬಂದ. ಬಲಕ್ಕೆ ನೋಡಬೇಕಾದರೆ ಸೊಂಟದಿಂದಲೇ ತಿರುಗಬೇಕು. ಕಂಪನಿಯದನ್ನು ಬಿಡುವಂತಿಲ್ಲ, ಅದು ಮೇಲೆ ಕಾಣಲೇಬೇಕು. ಎರಡು ದಿನಕ್ಕೇ ಆ ಜಾಕೀಟು ಡಿಯೋನನ ದಿಂಬಾಯಿತು.

ಆಗ ಅವನ ಕಣ್ಣು ಮಂಚದ ಮೇಲಿನ ಕೌದಿಯ ಮೇಲೆ ಬಿತ್ತು. ಎಷ್ಟು ಪದರ, ಎಷ್ಟು ಮೆತ್ತಗೆ. ಸುತ್ತಿ ಕಂಕುಳಲ್ಲಿಟ್ಟುಕೊಂಡು ಎದುರು ಗಲ್ಲಿಯ ಅಝರನ ಹೊಲಿಗೆ ಅಂಗಡಿಗೆ ಹೋದ. ಅಝರ್ ಬಂಟ್ವಾಳದ ಬ್ಯಾರಿ, ಅಪ್ಪನ ಕಾಲದಿಂದಲೂ ದೋಹಾದವನು. ಮನೆಯಲ್ಲಿ ಬ್ಯಾರಿ, ಗಿರಾಕಿಗೆ ಮಲಯಾಳ, ದ್ಯಾಮಣ್ಣನಿಗೆ ಮಾತ್ರ ಕನ್ನಡ. ಇದನ್ನು ಕತ್ತರಿಸಿ ಒಳಗೆ ಹಾಕುವ ತೋಳಿಲ್ಲದ ಜಾಕೀಟು ಮಾಡಿಕೊಡಬೇಕು ಎಂದರೆ ಅಝರ್ ಕೌದಿಯನ್ನು ಬೆಳಕಿಗೆ ಹಿಡಿದು ನೋಡಿದ. ಇಂಥ ಹೊಲಿಗೆಗೆ ಕತ್ತರಿ ಹಾಕಲು ಕೈ ಬರುವುದಿಲ್ಲ ಎಂದ. ದ್ಯಾಮಣ್ಣ ಸ್ಟಿಕ್ಕರಿನ ಕತೆ ಹೇಳಿದ. ಅಝರ್ ನಿಟ್ಟುಸಿರು ಬಿಟ್ಟು ಕತ್ತರಿ ಎತ್ತಿದ.

ಮೂಲೆಯೊಂದನ್ನು ಬಿಡಿಸುವಾಗ ಒಳಗಿನಿಂದ ಏನೋ ಒಣಗಿದ ಪುಡಿ ಮೇಜಿನ ಮೇಲೆ ಉದುರಿತು.

"ಎಂತ ಮಾರಾಯ, ಮಲಗಿಕೊಂಡು ರೊಟ್ಟಿ ತಿಂತೀಯಾ? ಇರುವೆ ಬರ್ತದೆ" ಎಂದು ಗದರಿದ ಅಝರ್ ಅದನ್ನು ಗುಡಿಸಿ ಬುಟ್ಟಿಗೆ ಹಾಕಿದ. ತಿಂದ ನೆನಪು ದ್ಯಾಮಣ್ಣನಿಗೆ ಇರಲಿಲ್ಲ. ಡಿಯೋನ್ ತಿಂದಿರಬೇಕು ಎಂದುಕೊಂಡ.

ಜಾಕೀಟು ಅದ್ಭುತವಾಗಿ ಬಂತು. ಕಂಪನಿಯದರ ಒಳಗೆ ಚರ್ಮದ ಹಾಗೆ ಕೂತಿತು. ಎದೆಗೆ ಹಸಿರು ಇಳಕಲ್ ಸೀರೆಯ ತುಂಡು, ಕೊರಳ ಹತ್ತಿರ ಕೆಂಪು ಅಂಚು. ಅವತ್ತು ಲುಸೈಲಿನ ಗಾಳಿ ಬಂದು ಮುಟ್ಟಿ, ಯಾರೋ ಬೇರೆಯವರಿರಬೇಕು ಎಂದುಕೊಂಡು ವಾಪಸು ಹೋಯಿತು. ಐಸ್‌ಕ್ರೀಮ್ ತರಿಸಿದ ಮನೆಯವರಿಗೂ ಅವನು ನಗುನಗುತ್ತ ಸಲಾಂ ಹೇಳಿ ಬಂದ. ಒಂದೇ ಎಚ್ಚರಿಕೆ: ಊರಿನ ವಿಡಿಯೋ ಕಾಲ್ ಬಂದಾಗ ಜಿಪ್ಪು ಗದ್ದದವರೆಗೆ ಏರಿರಬೇಕು. ನೀಲಗಂಗಾಳಿಗೆ ತನ್ನ ಕೌದಿಯ ಒಂದೊಂದು ತುಂಡೂ ಗೊತ್ತು.

ಹಾಗೆ ಸುಮಾರು ದಿನ ನಡೆಯಿತು. ಹಿಡಿದುಕೊಟ್ಟದ್ದು ಚಳಿಯಲ್ಲ, ಸೆಕೆ. ಒಂದು ಸಂಜೆ ಅಝರನ ಅಂಗಡಿಯ ಮೆಟ್ಟಿಲ ಮೇಲೆ ಡಿಯೋನನ ಪಕ್ಕ ಕೂತು ಬಿಸಿ ಕರಕ್ ಚಹಾ ಕುಡಿಯುತ್ತ ಹೆಂಡತಿಯ ಹತ್ತಿರ ಮಾತಾಡುತ್ತಿದ್ದ. ಒಳಗೆ ಕೌದಿ, ಹೊಟ್ಟೆಯಲ್ಲಿ ಚಹಾ. ಕೊರಳ ಕೆಳಗೆ ಬೆವರು ಇಳಿಯಿತು. ಕೈ ತಾನಾಗಿ ಹೋಗಿ ಜಿಪ್ಪು ಇಳಿಸಿತು.

ನೀಲಗಂಗಾಳ ಮಾತು ಅರ್ಧಕ್ಕೆ ನಿಂತಿತು.

"ಅದು ನಮ್ಮವ್ವನ ಸೀರಿ ಅಲ್ಲೇನ್ರಿ?"

ದ್ಯಾಮಣ್ಣ ಜಿಪ್ಪು ಏರಿಸಿದ. ಪ್ರಯೋಜನವಿರಲಿಲ್ಲ. ಇಳಿಸ್ರಿ ಎಂದಳು, ಇಳಿಸಿದ.

"ಕೌದಿ ಕತ್ತರ್ಸಿ ಮೈಗೆ ಹಾಕ್ಕೊಂಡೀರಿ ಅಂದ್ರ ಥಂಡಿ ಆಗೇತಿ ಅಂತಾತು. ಆಣಿ ನೆಪ್ಪೈತಿಲ್ಲ? ನಾಳಿಂದ ಗಾಡಿ ಬಿಡ್ರಿ."

ಸ್ಟಿಕ್ಕರುಗಳು ಅವನ ಕಣ್ಣ ಮುಂದೆ ಬಂದು ನಿಂತವು. ಎಲ್ಲಿ ಕೆಮ್ಮು ಬಂದುಬಿಡುತ್ತದೋ ಎಂದು ಗಂಟಲು ಸರಿಪಡಿಸಿಕೊಳ್ಳಲೂ ಧೈರ್ಯವಾಗಲಿಲ್ಲ. ಹಣೆಯ ಬೆವರನ್ನು ಬೆರಳಿನಿಂದ ಒರೆಸಿ ಫೋನಿನ ಮುಂದೆ ಹಿಡಿದ.

"ಥಂಡಿ ಎಲ್ಲೈತಿ ಗಂಗಾ? ನೋಡಿಲ್ಲಿ, ನಿನ್ನ ಕೌದ್ಯಾಗ ಬೆವರಾಕತ್ತೀನಿ."

ಅವಳು ಆ ಬೆರಳನ್ನು ಇನ್ನೂ ಹತ್ತಿರ ಹಿಡಿಸಿ ನೋಡಿದಳು. ಆಮೇಲೆ ಹೊಲಿದವರು ಯಾರು, ಅವರ ಕೈಗೆ ಫೋನ್ ಕೊಡಿ ಎಂದಳು. ಅಝರ್ ಟೇಪನ್ನು ಕೊರಳಿಂದ ತೆಗೆದಿಟ್ಟು, ಶಾಲೆಯಲ್ಲಿ ಹೆಸರು ಕೂಗಿಸಿಕೊಂಡವನ ಹಾಗೆ ನಿಂತ. ಮೂಲೆ ಬಿಚ್ಚಿದಾಗ ಒಳಗೇನು ಸಿಕ್ಕಿತು ಎಂದು ಕೇಳಿದಳು. ಪುಡಿ ಬಿತ್ತು, ಗುಡಿಸಿದೆ ಎಂದ.

"ಅದು ಕೌದಿ ಹೊಟ್ಟಿರೀ ಅಣ್ಣಾರ. ಕಡೀ ಮೂಲಿ ಮುಚ್ಚಾಕಿಂತ ಮೊದ್ಲು ರೊಟ್ಟಿ ಚೂರು ಇಟ್ಟು ಹೊಲೀತೀವಿ. ಹಸ್ದ ಕೌದಿ ಬೆಚ್ಚಗ ಇಡೂದಿಲ್ಲ."

ಮುಚ್ಚುವ ಆ ಗಳಿಗೆಯಲ್ಲಿ ಅವರ ಮನೆಯಲ್ಲಿ ಹೆಂಗಸರಷ್ಟೇ ಕೂರುತ್ತಾರೆ, ದ್ಯಾಮಣ್ಣನಿಗೆ ತಿಳಿಯುವುದಾದರೂ ಹೇಗೆ? ಅಝರನ ಮುಖ ಬಾಡಿತು. ಅನ್ನ ಗುಡಿಸಿ ಬುಟ್ಟಿಗೆ ಹಾಕಿದೆನಲ್ಲ ಎಂದು ತಲೆ ಕೆರೆದುಕೊಂಡ.

"ಅಕ್ಕ, ಜೋಳದ ರೊಟ್ಟಿ ಇಲ್ಲಿ ಎಲ್ಲಿ ಸಿಗ್ತದೆ? ಈ ಅರಬರ ರೊಟ್ಟಿ, ಖುಬೂಸ್, ಆಗ್ತದಾ?"

ಡಿಯೋನ್ ಪಕ್ಕದ ಕೆಫೆಟೇರಿಯಾಕ್ಕೆ ಓಡಿ ಒಂದು ಖುಬೂಸು ತಂದ. ಅಝರ್ ಅದನ್ನು ಎರಡೂ ಕೈಯಲ್ಲಿ ಫೋನಿಗೆ ತೋರಿಸಿದ. ನೀಲಗಂಗಾ ಹೆಣ್ಣು ನೋಡಲು ಬಂದವಳ ಹಾಗೆ ಅದನ್ನು ಹಿಂದೆ ಮುಂದೆ ತಿರುಗಿಸಲು ಹೇಳಿ ನೋಡಿದಳು. ತೆಳುವಾಯಿತು, ಬೆಂದದ್ದೂ ಸಾಲದು, ಆದರೂ ಹಸಿವಿಗೆ ನಡೆಯುತ್ತದೆ ಎಂದಳು. ಬೂಷ್ಟು ಹಿಡಿಯದ ಹಾಗೆ ಅಝರನ ಇಸ್ತ್ರಿ ಪೆಟ್ಟಿಗೆಯಲ್ಲಿ ಅದನ್ನು ಒಣಗಿಸಿದರು. ಮಿಷನ್ನಿಗೆ ಕೈ ಹಾಕಿದ ಅಝರನನ್ನು ಅವಳು ತಡೆದಳು. ಅವನು ಕನ್ನಡಕ ಏರಿಸಿ, ಸೂಜಿಗೆ ದಾರ ಪೋಣಿಸಿ, ಎಡಗಡೆಯ ಕೆಳಮೂಲೆಗೆ ಚೂರು ಇಟ್ಟು ಕೈಯಿಂದಲೇ ಹೊಲಿದ. ಸಣ್ಣ ಹೊಲಿಗೆ, ಇನ್ನೂ ಸಣ್ಣ ಎಂದು ಆ ಕಡೆಯಿಂದ ಸೂಚನೆ ಬರುತ್ತಲೇ ಇತ್ತು. ಇಷ್ಟು ವರ್ಷದಲ್ಲಿ ಅಝರನ ಕೆಲಸದಲ್ಲಿ ಯಾರೂ ಅಷ್ಟು ತಪ್ಪು ತೆಗೆದಿರಲಿಲ್ಲ. ಒಮ್ಮೆಯೂ ಎದುರಾಡದೆ ಮುಗಿಸಿದ.

ದ್ಯಾಮಣ್ಣ ತೊಟ್ಟು ನಿಂತ. ತಿರುಗ್ರಿ ಎಂದಳು, ತಿರುಗಿದ. ಕೆಮ್ಮಿ ತೋರಿಸ್ರಿ ಎಂದಳು, ಎದೆಯಿಂದ ಗಾಳಿ ಬಿಟ್ಟರೆ ಬೇರೇನೂ ಬರಲಿಲ್ಲ.

"ಆತು, ಗಾಡಿ ಇರ್ಲಿ. ದಿನಾ ಫೋನ್ ಮಾಡ್ದಾಗ ಜಿಪ್ಪು ತಗದು ಇದನ್ನ ತೋರಿಸ್ಬೇಕು. ಹಾಕ್ಕೊಳ್ದಿದ್ದ ದಿನ ಸ್ಟಿಕ್ಕರ್ ಹಚ್ಚಾಕ ಹೋಗ್ರಿ."

ದ್ಯಾಮಣ್ಣ ಇವತ್ತಿಗೂ ಬೈಕಿನ ಮೇಲೇ ಇದ್ದಾನೆ. ಚಳಿಗಾಲದಲ್ಲಿ ನೀವು ದೋಹಾದಲ್ಲಿದ್ದರೆ ಒಂದು ಸಂಜೆ ನಜ್ಮಾ ಕಡೆ ಹೋಗಿ. ಹೊಲಿಗೆ ಅಂಗಡಿಯೊಂದರ ಮೆಟ್ಟಿಲ ಮೇಲೆ, ಫೋನಿನ ಮುಂದೆ ಜಿಪ್ಪು ಇಳಿಸಿಕೊಂಡು ಹಸಿರು ಇಳಕಲ್ ತೋರಿಸುತ್ತ ಒಬ್ಬ ಕೂತಿರುತ್ತಾನೆ. ಪಕ್ಕದಲ್ಲಿ ಕೂತು ಒಂದು ಕರಕ್ ಹೇಳಿ, ಮಾತಾಡಿಸಿ. ಎಡಗಡೆಯ ಆ ಮೂಲೆಯನ್ನು ಮುಟ್ಟಿ ನೋಡಲು ಕೊಡುತ್ತಾನೆ, ಖುಬೂಸು ಗಟ್ಟಿಯಾಗಿ ಕೈಗೆ ಸಿಗುತ್ತದೆ. ಹೋಗುವಾಗ ನಿಮಗೇನಾದರೂ ಶೀತ, ಕೆಮ್ಮು ಇದ್ದರೆ ಮಾತ್ರ ಸ್ವಲ್ಪ ದೂರ ಕೂತುಕೊಳ್ಳಿ. ಆ ಕಡೆ ನೀಲಗಂಗಾ ಕೇಳಿಸಿಕೊಳ್ಳುತ್ತಿರುತ್ತಾಳೆ.